ಚರ್ಮದ ನೋವಿಗೆ ಮೈಯೊಳಗಿನ ಮದ್ದು

ಹುಟ್ಟಿ ಒಂದೆರಡು ದಿನವಾದ ಕೂಸಿಗೆ ರಕ್ತ ಪರೀಕ್ಷೆ ಮಾಡಬೇಕಾದರೆ ಸಾಮಾನ್ಯವಾಗಿ ಹಿಮ್ಮಡಿಯಿಂದಲೇ ರಕ್ತ ತೆಗೆಯುತ್ತಾರೆ. ನರ್ಸ್ ಹಿಮ್ಮಡಿಯ ಪಕ್ಕವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಾರೆ, ಲ್ಯಾನ್ಸೆಟ್‌ನಿಂದ ಚುಚ್ಚುತ್ತಾರೆ, ಆ ಪುಟ್ಟ ಪಾದವನ್ನು ಒತ್ತಿ ಒತ್ತಿ ಹನಿಗಳನ್ನು ತೆಗೆಯುತ್ತಾರೆ. ಕೂಸಿನ ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತವೆ, ಮೂಗಿನ ಬದಿಯಿಂದ ಬಾಯಿಯ ಅಂಚಿನವರೆಗೆ ಒಂದು ಗೆರೆ ಆಳವಾಗಿ ಮೂಡುತ್ತದೆ. ಆಮೇಲೆ ಅಳು. ಮಾತು ಬಾರದ ಶಿಶುವಿನ ನೋವನ್ನು ವೈದ್ಯರು ಅಳೆಯುವುದು ಮುಖದ ಈ ಮೂರು ಗುರುತುಗಳಿಂದ ಮತ್ತು ಹೃದಯ ಬಡಿತದಿಂದ.

ಇದೇ ಹಿಮ್ಮಡಿ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಅಮೆರಿಕದ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಅದರ ವರದಿ 2000ದಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರೋಗ್ಯವಾಗಿದ್ದ 30 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿಯೇ ಚುಚ್ಚಿದರು. ಇನ್ನೊಂದು ಗುಂಪಿನವನ್ನು ಚುಚ್ಚುವ ಮೊದಲೇ ಸ್ವಲ್ಪ ಹೊತ್ತು ತಾಯಿಯ ಬರಿ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿದ್ದರು. ಚುಚ್ಚುವಾಗಲೂ ಕೂಸು ಅಲ್ಲೇ ಇತ್ತು. ತಾಯಿಯ ಎದೆಯ ಮೇಲಿದ್ದ ಕೂಸುಗಳ ಅಳು ಶೇ 82ರಷ್ಟು ಕಡಿಮೆಯಾಗಿತ್ತು, ಮುಖ ಕಿವಿಚುವುದು ಶೇ 65ರಷ್ಟು ಕಡಿಮೆಯಾಗಿತ್ತು. ಅದೇ ಸೂಜಿ, ಅದೇ ಹಿಮ್ಮಡಿ. ಬದಲಾದದ್ದು ಕೂಸು ಮಲಗಿದ್ದ ಜಾಗ ಮಾತ್ರ.

ಅಂದರೆ ನೋವಿನ ಪ್ರಮಾಣವನ್ನು ಸೂಜಿ ಒಂದೇ ತೀರ್ಮಾನಿಸುವುದಿಲ್ಲ. ಚರ್ಮ ಕಳಿಸಿದ ಸುದ್ದಿ ಮಿದುಳು ಮುಟ್ಟುವ ದಾರಿಯಲ್ಲಿ ಏರಬಹುದು, ಇಳಿಯಬಹುದು. ಅದನ್ನು ಇಳಿಸಬಲ್ಲ ಕೆಲವು ರಾಸಾಯನಿಕಗಳನ್ನು ದೇಹ ತಾನೇ ತಯಾರಿಸುತ್ತದೆ. ಅವುಗಳಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಕೆಲಸ ನಡೆದಿದೆ. ಹೆರಿಗೆ ಮತ್ತು ಹಾಲೂಡಿಕೆಯ ಹಾರ್ಮೋನು ಎಂದೇ ಹೆಸರಾದ ಇದಕ್ಕೆ ಚರ್ಮದ ನೋವಿನೊಡನೆ ಏನು ನಂಟು, ಆ ತಿಳಿವಳಿಕೆಯಿಂದ ನಮ್ಮ ಮನೆ, ಆಸ್ಪತ್ರೆಗಳಲ್ಲಿ ಏನು ಬದಲಾಗಬೇಕು ಎಂಬುದು ಈ ವಾರದ ವಿಷಯ.

ಮೊದಲು ನೋವಿನ ದಾರಿಯನ್ನು ನೋಡೋಣ. ಕಾಲ್ಬೆರಳು ಬಾಗಿಲಿನ ಹೊಸ್ತಿಲಿಗೆ ಬಡಿದಾಗ ನಮಗೆ ಒಂದಲ್ಲ, ಎರಡು ನೋವು ಆಗುತ್ತದೆ. ಮೊದಲು ಚುರುಕ್ ಎನ್ನುವ ಹರಿತವಾದ ನೋವು. ಒಂದೆರಡು ಕ್ಷಣ ಬಿಟ್ಟು ಹಬ್ಬಿಕೊಳ್ಳುವ, ಉರಿಯುವ, ಬೇಗ ಬಿಡದ ನೋವು. ಎರಡನ್ನೂ ಹೊತ್ತು ತರುವ ನರತಂತುಗಳು ಬೇರೆ ಬೇರೆ. ಮೊದಲನೆಯದನ್ನು ತರುವ ಎ-ಡೆಲ್ಟಾ ತಂತುಗಳ ಮೇಲೆ ತೆಳುವಾದ ಕೊಬ್ಬಿನ ಹೊದಿಕೆ ಇರುವುದರಿಂದ ಅವುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಎರಡನೆಯದು ಸಿ ತಂತುಗಳ ಕೆಲಸ. ಅವಕ್ಕೆ ಹೊದಿಕೆಯಿಲ್ಲ, ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಬಿಸಿ, ಖಾರ, ಒತ್ತಡಗಳನ್ನು ಈ ತಂತುಗಳ ತುದಿ ಹೇಗೆ ಗುರುತಿಸುತ್ತದೆ ಎಂಬುದನ್ನು ಬಿಡಿಸಿ ಹೇಳಿದ್ದಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಬಳಸಿ ಜೂಲಿಯಸ್ ತಂಡ ಪತ್ತೆ ಹಚ್ಚಿದ ಗ್ರಾಹಕವೇ ಸುಡುವ ಬಿಸಿಗೂ ಸ್ಪಂದಿಸುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈ ಉರಿಯುವುದು ಇದೇ ಕಾರಣಕ್ಕೆ.

ಈ ತಂತುಗಳೆಲ್ಲ ಬೆನ್ನುಹುರಿಯ ಹಿಂಭಾಗಕ್ಕೆ ಬಂದು ಸೇರುತ್ತವೆ. ಅಲ್ಲಿ ಸುದ್ದಿಯನ್ನು ಮುಂದಿನ ನರಕೋಶಕ್ಕೆ ದಾಟಿಸಬೇಕು. ಅದು ಮಿದುಳಿಗೆ ಹತ್ತಿದ ಮೇಲಷ್ಟೇ ನಮಗೆ ನೋವು. ಬೆನ್ನುಹುರಿಯ ಈ ತಾಣದಲ್ಲಿ ನೋವಿನ ಸುದ್ದಿಗೆ ತಡೆಯಿದೆ, ಅದು ಒಮ್ಮೆ ಸಡಿಲಾಗುತ್ತದೆ, ಒಮ್ಮೆ ಬಿಗಿಯಾಗುತ್ತದೆ ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವಾದಿಸಿದರು. ಮೇಲಿನಿಂದ ಮಿದುಳೂ ಈ ತಡೆಯನ್ನು ಹಿಡಿತದಲ್ಲಿಡುತ್ತದೆ ಎಂದರು. ಅವರು ಬರೆದ ವಿವರಗಳಲ್ಲಿ ಕೆಲವು ಆಮೇಲೆ ತಿದ್ದುಪಡಿಯಾದವು, ಮೂಲ ವಿಚಾರ ಉಳಿಯಿತು. ಮಿದುಳಿನಿಂದ ಇಳಿದು ಬಂದು ಈ ತಡೆಯನ್ನು ಬಿಗಿ ಮಾಡುವವುಗಳಲ್ಲಿ ಆಕ್ಸಿಟೋಸಿನ್ ಕೂಡ ಒಂದು.

ಆಕ್ಸಿಟೋಸಿನ್‌ನ ಕಥೆ ಶುರುವಾಗಿದ್ದು ನೋವಿನಿಂದಲ್ಲ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್, ಎತ್ತಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ತೆಗೆದ ಸಾರವು ಗಬ್ಬದ ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು ಕಂಡುಕೊಂಡರು. ಅದೇ ಸಾರ ಕೆಚ್ಚಲಿನಿಂದ ಹಾಲು ಇಳಿಸುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅದರ ರಚನೆಯನ್ನು ಬಿಡಿಸಿ, ಪ್ರಯೋಗಶಾಲೆಯಲ್ಲೇ ಅದನ್ನು ತಯಾರಿಸಿದರು. ಕೇವಲ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಅಣು ಅದು. ಹೀಗೆ ಪ್ರಯೋಗಶಾಲೆಯಲ್ಲಿ ಜೋಡಿಸಿದ ಮೊದಲ ಪೆಪ್ಟೈಡ್ ಹಾರ್ಮೋನು. 1955ರ ರಸಾಯನಶಾಸ್ತ್ರದ ನೊಬೆಲ್ ಅವರದಾಯಿತು.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಆಕ್ಸಿಟೋಸಿನ್ ಎಂದರೆ ಗರ್ಭಕೋಶ ಮತ್ತು ಎದೆಹಾಲು, ಅಷ್ಟೆ. ಈ ಹಾರ್ಮೋನು ತಯಾರಾಗುವುದು ಮಿದುಳಿನ ತಳದ ಹೈಪೊಥಲಾಮಸ್‌ನಲ್ಲಿ. ಅಲ್ಲಿನ ದೊಡ್ಡ ನರಕೋಶಗಳು ಅದನ್ನು ಪಿಟ್ಯುಟರಿಗೆ ಕಳಿಸುತ್ತವೆ, ಪಿಟ್ಯುಟರಿ ರಕ್ತಕ್ಕೆ ಬಿಡುತ್ತದೆ. 1980ರ ದಶಕದ ಆರಂಭದ ಹೊತ್ತಿಗೆ ಇನ್ನೊಂದು ಸಂಗತಿ ಖಚಿತವಾಯಿತು. ಅದೇ ಜಾಗದ ಕೆಲವು ಸಣ್ಣ ನರಕೋಶಗಳ ಬಾಲಗಳು ಪಿಟ್ಯುಟರಿಯತ್ತ ಹೋಗದೆ, ನೇರವಾಗಿ ಬೆನ್ನುಹುರಿಗೆ ಇಳಿದು, ಚರ್ಮದ ನೋವಿನ ತಂತುಗಳು ಬಂದು ಸೇರುವ ಆ ತಾಣದಲ್ಲೇ ಕೊನೆಯಾಗುತ್ತವೆ. ಹಾಲಿಗೂ ಹೆರಿಗೆಗೂ ಮಾತ್ರ ಬೇಕಾದ ಹಾರ್ಮೋನಿಗೆ ಅಲ್ಲೇನು ಕೆಲಸ? ಮೆಕ್ಸಿಕೋದ ಸಂಶೋಧಕರು ಇಲಿಗಳಲ್ಲಿ ಇದನ್ನು ಪರೀಕ್ಷಿಸುತ್ತ ಬಂದರು. ಹೈಪೊಥಲಾಮಸ್‌ನ ಆ ಭಾಗವನ್ನು ಪ್ರಚೋದಿಸಿದಾಗ ಎ-ಡೆಲ್ಟಾ ಮತ್ತು ಸಿ ತಂತುಗಳು ತಂದ ಸುದ್ದಿ ಬೆನ್ನುಹುರಿಯಲ್ಲೇ ತಗ್ಗಿತು. ಸಾಮಾನ್ಯ ಸ್ಪರ್ಶದ ಸುದ್ದಿ ಮಾತ್ರ ಮೊದಲಿನಂತೆಯೇ ದಾಟುತ್ತಿತ್ತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಚರ್ಮಕ್ಕೆ ಯಾವುದೂ ಗೊತ್ತಾಗದು. ಇಲ್ಲಿ ಹಾಗಲ್ಲ, ಮುಟ್ಟಿದ್ದು ತಿಳಿಯುತ್ತದೆ, ನೋವಷ್ಟೇ ತಗ್ಗುತ್ತದೆ.

2016ರಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಪ್ರಯೋಗಶಾಲೆಗಳು ಸೇರಿ ನ್ಯೂರಾನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಒಳಕ್ಕೆ ಹೋಯಿತು. ಇಲಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ತಯಾರಿಸುವ ಸುಮಾರು 30 ಸಣ್ಣ ನರಕೋಶಗಳ ಒಂದು ಗುಂಪನ್ನು ಅವರು ಗುರುತಿಸಿದರು. ಆ ಕೋಶಗಳು ಎರಡು ದಾರಿಯಲ್ಲಿ ಕೆಲಸ ಮಾಡುತ್ತವೆ. ಒಂದು ದಾರಿಯಲ್ಲಿ ಬೆನ್ನುಹುರಿಗೆ ನೇರವಾಗಿ ಆಕ್ಸಿಟೋಸಿನ್ ಸುರಿಸಿ ನೋವಿನ ಕೋಶಗಳನ್ನು ಸುಮ್ಮನಾಗಿಸುತ್ತವೆ. ಇನ್ನೊಂದರಲ್ಲಿ ಹೈಪೊಥಲಾಮಸ್‌ನ ದೊಡ್ಡ ಕೋಶಗಳನ್ನು ಎಚ್ಚರಿಸಿ, ರಕ್ತಕ್ಕೂ ಆಕ್ಸಿಟೋಸಿನ್ ಹರಿಯುವಂತೆ ಮಾಡುತ್ತವೆ. ಉರಿಯೂತದಿಂದ ಪಂಜ ಊದಿಕೊಂಡಿದ್ದ ಇಲಿಗಳಲ್ಲಿ ಈ 30 ಕೋಶಗಳನ್ನು ಚುರುಕುಗೊಳಿಸಿದಾಗ ಅವುಗಳ ನೋವಿನ ಸಂವೇದನೆ ಇಳಿಯಿತು.

ರಕ್ತಕ್ಕೆ ಹರಿದ ಹಾರ್ಮೋನು ಚರ್ಮದ ಹತ್ತಿರ ಏನು ಮಾಡುತ್ತದೆ? ಇದಕ್ಕೂ ಮೆಕ್ಸಿಕೋದ ತಂಡ ಉತ್ತರ ಹುಡುಕಿತು. 2017ರಲ್ಲಿ ಅವರು ಇಲಿಯ ಪಂಜದ ಚರ್ಮದಡಿ ಆಕ್ಸಿಟೋಸಿನ್ ಚುಚ್ಚಿದಾಗ, ಆ ಜಾಗದಿಂದ ಬೆನ್ನುಹುರಿಗೆ ಹೋಗುವ ನೋವಿನ ಸುದ್ದಿಯೇ ಕಡಿಮೆಯಾಯಿತು. ಚರ್ಮದಲ್ಲಿನ ನರಗಳ ತುದಿಯಲ್ಲೇ ಆಕ್ಸಿಟೋಸಿನ್ ಗ್ರಾಹಕಗಳಿದ್ದವು. ಚರ್ಮದ ಮೇಲ್ಪದರದ ಕೋಶಗಳೇ ಆಕ್ಸಿಟೋಸಿನ್ ತಯಾರಿಸಬಲ್ಲವು ಎಂದು ಜಪಾನಿನ ಸಂಶೋಧಕರು 2012ರಲ್ಲೇ ತೋರಿಸಿದ್ದರು. ಇದನ್ನೆಲ್ಲ ಒಟ್ಟಿಗಿಟ್ಟರೆ ಈ ಹಾರ್ಮೋನು ಚರ್ಮದ ನೋವನ್ನು ಎರಡು ಕಡೆ ತಡೆಯಬಲ್ಲದು ಎಂದಾಗುತ್ತದೆ. ನೋವು ಹುಟ್ಟುವ ನರದ ತುದಿಯಲ್ಲಿ ಒಮ್ಮೆ, ಬೆನ್ನುಹುರಿಯ ದಾಟಿನಲ್ಲಿ ಮತ್ತೊಮ್ಮೆ.

ಹಾಗಾದರೆ ಇದನ್ನು ಎಚ್ಚರಿಸುವುದು ಯಾವುದು? ಹೆರಿಗೆ, ಮಗು ಮೊಲೆ ಚೀಪುವುದು — ಇವೆರಡು ಎಲ್ಲರಿಗೂ ಗೊತ್ತಿರುವುದೇ. ಮೂರನೆಯದು ಸ್ಪರ್ಶ. ಸ್ವೀಡನ್ನಿನ ಕೆರ್ಸ್ಟಿನ್ ಉವ್ನಾಸ್ ಮೊಬೆರ್ಗ್ ಇದನ್ನು ದಶಕಗಳಿಂದ ಹೇಳುತ್ತ ಬಂದವರು. 2020ರಲ್ಲಿ ನೇಚರ್ ನ್ಯೂರೋಸೈನ್ಸ್‌ನಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಹೆಣ್ಣು ಇಲಿಗಳು ಒಂದಕ್ಕೊಂದು ಮೈ ತಾಗಿಸಿಕೊಂಡಾಗ ಆ ಸಣ್ಣ ಆಕ್ಸಿಟೋಸಿನ್ ಕೋಶಗಳು ಚುರುಕಾಗುವುದು ಕಂಡಿತು. ನಡುವೆ ಜಾಲರಿಯಿಟ್ಟು, ನೋಡಲು, ಮೂಸಲು ಬಿಟ್ಟು ಮುಟ್ಟಲು ಬಿಡದಿದ್ದಾಗ ಅಷ್ಟು ಚುರುಕಾಗಲಿಲ್ಲ. ಚರ್ಮದ ಮೇಲೆ ಮೆಲ್ಲಗೆ ಗಾಳಿ ಊದಿದರೂ ಕೋಶಗಳು ಎಚ್ಚೆತ್ತವು.

ಮನುಷ್ಯರ ಚರ್ಮದಲ್ಲಿ ಮೃದು ಸ್ಪರ್ಶಕ್ಕೆಂದೇ ಮೀಸಲಾದ ನರತಂತುಗಳಿವೆ. ಇವೂ ನಿಧಾನಗತಿಯ ಸಿ ತಂತುಗಳ ಬಳಗದವೇ, ನೋವನ್ನಲ್ಲ, ನೇವರಿಕೆಯನ್ನು ತಿಳಿಸುವಂಥವು. ರೋಮವಿರುವ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು, ತಲೆಯ ಭಾಗದಲ್ಲಿ ಇವು ಹೇರಳ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸ್ವಯಂಸೇವಕರ ಮುಂಗೈಯ ಮೇಲೆ ಮೆತ್ತನೆಯ ಕುಂಚವನ್ನು ಬೇರೆ ಬೇರೆ ವೇಗದಲ್ಲಿ ಎಳೆದು, ಒಂದೊಂದೇ ನರತಂತುವಿನ ಮಿಡಿತವನ್ನು ದಾಖಲಿಸಿದರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಈ ತಂತುಗಳು ಹೆಚ್ಚು ಮಿಡಿದವು. ಅದಕ್ಕಿಂತ ವೇಗವಾದರೂ, ತೀರಾ ನಿಧಾನವಾದರೂ ಮಿಡಿತ ಇಳಿಯಿತು. ಯಾವ ವೇಗ ಹಿತವೆನಿಸಿತು ಎಂದು ಕೇಳಿದಾಗ ಜನ ಹೇಳಿದ್ದೂ ಅದೇ ವೇಗವನ್ನು. ಮಲಗಿದ ಮಗುವಿನ ತಲೆಯನ್ನು ಯಾರೂ ಹೇಳಿಕೊಡದೆ ನಾವು ನೇವರಿಸುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ.

ಇಷ್ಟು ಓದಿದ ಮೇಲೆ, ಆಕ್ಸಿಟೋಸಿನ್ ಅನ್ನೇ ನೋವಿನ ಮದ್ದಾಗಿ ಕೊಟ್ಟುಬಿಡಬಹುದಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಇಲ್ಲಿ ಬಹಳ ಎಚ್ಚರ ಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಆರೋಗ್ಯವಂತ ಪುರುಷರ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿ, ಚರ್ಮಕ್ಕೆ ಲೇಸರ್ ಕಿರಣದ ಚುರುಕು ತಾಗಿಸಿ ಮಿದುಳಿನ ಪ್ರತಿಕ್ರಿಯೆ ಅಳೆದರು. 2016ರ ಅವರ ವರದಿಯಂತೆ ಆ ಪ್ರತಿಕ್ರಿಯೆ ತಗ್ಗಿತು. ಆದರೆ ಮನುಷ್ಯರ ಮೇಲೆ ನಡೆದ ಇಂಥ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವೆಡೆ ನೋವು ಇಳಿದಿದೆ, ಕೆಲವೆಡೆ ಏನೂ ವ್ಯತ್ಯಾಸವಾಗಿಲ್ಲ. ಅದಕ್ಕೆ ಕಾರಣಗಳೂ ಇವೆ. ಬಾಯಿಂದ ನುಂಗಿದರೆ ಈ ಅಣು ಜೀರ್ಣರಸಗಳಲ್ಲಿ ಒಡೆದುಹೋಗುತ್ತದೆ. ರಕ್ತಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ, ಉಳಿದದ್ದು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ಮೂಗಿನ ಸ್ಪ್ರೇಯಿಂದ ಮಿದುಳಿಗೆ ಎಷ್ಟು ಸೇರುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ದೇಹ ತನ್ನ ಆಕ್ಸಿಟೋಸಿನ್ ಅನ್ನು ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ಬಿಡುತ್ತದೆ. ಹೊರಗಿನಿಂದ ಸುರಿದ ಮದ್ದಿಗೆ ಆ ಜಾಣ್ಮೆ ಇಲ್ಲ.

ಎರಡನೆಯ ಎಚ್ಚರ, ಒಂದೇ ಹಾರ್ಮೋನಿಗೆ ಎಲ್ಲ ಕೀರ್ತಿ ಕಟ್ಟಬಾರದು ಎಂಬುದು. ಆಕ್ಸಿಟೋಸಿನ್‌ಗೆ ಪ್ರೀತಿಯ ಹಾರ್ಮೋನು ಎಂಬ ಪಟ್ಟ ಕಟ್ಟಿ ಎಷ್ಟೋ ವರ್ಷವಾಯಿತು. ಬಾಳಿನುದ್ದಕ್ಕೂ ಜೋಡಿಯಾಗಿರುವ ಪ್ರೇರಿ ವೋಲ್ ಎಂಬ ಪುಟ್ಟ ದಂಶಕಗಳ ಮೇಲಿನ ಅಧ್ಯಯನಗಳೇ ಅದಕ್ಕೆ ಮುಖ್ಯ ಆಧಾರ. 2023ರಲ್ಲಿ ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದಂತೆ ಬೆಳೆಸಿದ ವೋಲ್‌ಗಳೂ ಜೋಡಿ ಕಟ್ಟಿಕೊಂಡವು ಎಂಬ ವರದಿ ಬಂತು. ನೋವಿನ ವಿಷಯವೂ ಹಾಗೆಯೇ. ತಾಯಿಯ ಎದೆಯ ಮೇಲಿನ ಕೂಸಿಗೆ ಬೆಚ್ಚಗಿನ ಮೈ, ಪರಿಚಿತ ವಾಸನೆ, ಎದೆಬಡಿತದ ಸದ್ದು, ಹಾಲಿನ ಸಿಹಿ ಎಲ್ಲ ಒಟ್ಟಿಗೆ ಸಿಗುತ್ತದೆ. ದೇಹದೊಳಗಿನ ಎಂಡಾರ್ಫಿನ್‌ನಂಥ ಬೇರೆ ನೋವು ನಿವಾರಕಗಳೂ ಆಗ ಕೆಲಸಕ್ಕಿಳಿಯುತ್ತವೆ. ನಾನು ಆರಂಭದಲ್ಲಿ ಹೇಳಿದ ಹಿಮ್ಮಡಿ ಪ್ರಯೋಗದಲ್ಲಿ ಅಳೆದದ್ದು ಕೂಸಿನ ಅಳು, ಮುಖ ಮತ್ತು ಹೃದಯ ಬಡಿತವನ್ನು, ಆಕ್ಸಿಟೋಸಿನ್ ಅನ್ನಲ್ಲ. ಹಾಗಾಗಿ ಈ ಹಾರ್ಮೋನು ಒಂದು ಮುಖ್ಯ ಕೊಂಡಿ ಎನ್ನಬಹುದು, ಅದೊಂದೇ ಕಾರಣ ಎನ್ನಲಾಗದು.

ಇನ್ನೂ ಒಂದು ಪಾಠವಿದೆ. ಸೆಕೆಂಡಿಗೆ 3 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ನವಜಾತ ಶಿಶುವಿನ ಮಿದುಳಿನಲ್ಲಿ ನೋವಿನ ಸಂಕೇತ ಇಳಿಯುತ್ತದೆ ಎಂದು ಆಕ್ಸ್‌ಫರ್ಡ್ ಸಂಶೋಧಕರು 2018ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಬರೆದಿದ್ದರು. ಅದೇ ತಂಡದವರು ಮುಂದೆ ಅಪ್ಪ ಅಮ್ಮಂದಿರ ಕೈಯಿಂದಲೇ, ಹಿಮ್ಮಡಿ ಚುಚ್ಚುವ ಮುನ್ನ ಹತ್ತು ಸೆಕೆಂಡಿನಷ್ಟು ಹೊತ್ತು ಸವರಿಸಿ ನೋಡಿದರು. ಚುಚ್ಚಿದ ನಂತರ ಸವರಿಸಿಕೊಂಡ ಶಿಶುಗಳಿಗೂ ಮುನ್ನವೇ ಸವರಿಸಿಕೊಂಡ ಶಿಶುಗಳಿಗೂ ಮಿದುಳಿನ ಸಂಕೇತದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2024ರಲ್ಲಿ ಪ್ರಾಮಾಣಿಕವಾಗಿ ಪ್ರಕಟಿಸಿದರು. ಇದಕ್ಕೆ ಹೋಲಿಸಿದರೆ ಎದೆಗವಚಿ ಮಲಗಿಸುವ ಕ್ರಮದ ಪರ ಸಾಕ್ಷ್ಯ ಗಟ್ಟಿಯಾಗಿದೆ. ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸುವ ಬಗ್ಗೆ ನಡೆದ 25 ಅಧ್ಯಯನಗಳನ್ನು, ಸುಮಾರು 2,000 ಶಿಶುಗಳ ವಿವರಗಳನ್ನು, 2017ರ ಕಾಕ್ರೇನ್ ಪರಿಶೀಲನೆ ಒಟ್ಟಿಗೆ ತೂಗಿ ನೋಡಿತು. ಒಂದೊಂದು ಚುಚ್ಚುವಿಕೆಯ ನೋವಿಗೆ ಇದು ಪರಿಣಾಮಕಾರಿ ಮತ್ತು ಸುರಕ್ಷಿತ ಎಂಬ ತೀರ್ಮಾನಕ್ಕೆ ಬಂತು. ಹತ್ತು ಸೆಕೆಂಡು ಸವರುವುದು ಒಂದು ತಂತ್ರ. ಹತ್ತಿಪ್ಪತ್ತು ನಿಮಿಷ ಎದೆಗೊರಗಿಸಿಕೊಳ್ಳುವುದು ಆರೈಕೆ. ಮಗುವಿನ ದೇಹ ಒಪ್ಪುವುದು ಆರೈಕೆಯನ್ನು ಎಂದು ನಾನು ಈ ಅಧ್ಯಯನಗಳಿಂದ ಅರ್ಥ ಮಾಡಿಕೊಂಡಿದ್ದೇನೆ.

ನಮ್ಮ ದೇಶದಲ್ಲಿ ಆಕ್ಸಿಟೋಸಿನ್ ಎಂದ ಕೂಡಲೇ ಜನರಿಗೆ ನೆನಪಾಗುವುದು ಬೇರೆಯೇ ಸಂಗತಿ. ಹಸು, ಎಮ್ಮೆಗಳಿಗೆ ಈ ಇಂಜೆಕ್ಷನ್ ಚುಚ್ಚಿ ಹಾಲು ಕರೆಯುವ ದುರಭ್ಯಾಸ. ಅದನ್ನು ತಡೆಯಲು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿ, ದೇಶದೊಳಗಿನ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವ ಹಕ್ಕನ್ನು ಸರ್ಕಾರಿ ವಲಯಕ್ಕೆ ಮಾತ್ರ ಸೀಮಿತಗೊಳಿಸಿತು. ಆ ಹೊಣೆ ಬಿದ್ದದ್ದು ನಮ್ಮ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್ ಮೇಲೆ. ಇಡೀ ದೇಶದ ಹೆರಿಗೆ ಕೋಣೆಗಳು ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡರೆ ತಾಯಂದಿರ ಜೀವಕ್ಕೆ ಕುತ್ತು ಎಂದು ವೈದ್ಯರು, ಆರೋಗ್ಯ ಸಂಘಟನೆಗಳು ಆತಂಕ ವ್ಯಕ್ತಪಡಿಸಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು.

ಆ ಆತಂಕಕ್ಕೆ ಕಾರಣವಿತ್ತು. ಹೆರಿಗೆಯಾದ ತಕ್ಷಣ ಕೊಡುವ 10 ಯೂನಿಟ್ ಆಕ್ಸಿಟೋಸಿನ್, ಅತಿ ರಕ್ತಸ್ರಾವವಾಗದಂತೆ ತಡೆದು ಬಾಣಂತಿಯ ಜೀವ ಉಳಿಸುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ಅದರ ಶಕ್ತಿ ಕುಂದುತ್ತದೆ. ಆದರೆ ಅದು ನೋವಿನ ಮದ್ದಲ್ಲ. ಹೆರಿಗೆ ನೋವು ಹೆಚ್ಚಿಸಲು ಡ್ರಿಪ್‌ನಲ್ಲಿ ಹಾಕುವ ಆಕ್ಸಿಟೋಸಿನ್ ಗರ್ಭಕೋಶವನ್ನು ಜೋರಾಗಿ ಹಿಂಡುವಂತೆ ಮಾಡುತ್ತದೆ. ಮಿದುಳಿಗೆ ಅಷ್ಟಾಗಿ ಸೇರದ ಕಾರಣ, ತಾಯಿಯ ದೇಹದೊಳಗೇ ಹುಟ್ಟುವ ಆಕ್ಸಿಟೋಸಿನ್ ಕೊಡುವಂಥ ಸಾಂತ್ವನವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಆನ್‌ಲೈನ್‌ನಲ್ಲಿ ಮಾರುವ ಸ್ಪ್ರೇಗಳನ್ನಾಗಲಿ, ಔಷಧ ಅಂಗಡಿಯ ಇಂಜೆಕ್ಷನ್ನನ್ನಾಗಲಿ ನೋವಿಗೆಂದು ಯಾರೂ ತರಬೇಡಿ. ವೈದ್ಯರ ಉಸ್ತುವಾರಿಯಿಲ್ಲದೆ ಗರ್ಭಿಣಿಗೆ ಆಕ್ಸಿಟೋಸಿನ್ ಕೊಡುವುದು ತಾಯಿ, ಮಗು ಇಬ್ಬರಿಗೂ ಅಪಾಯ.

ಈ ವಿಜ್ಞಾನ ನನಗೆ ಮುಖ್ಯವೆನಿಸುವುದು ಮದ್ದಿನ ಆಸೆಯಿಂದಲ್ಲ. ಎಳೆಗೂಸಿನ ನೋವನ್ನು ನಾವು ಬಹಳ ಕಾಲ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ ಎಂಬ ಕಾರಣಕ್ಕೆ. ಶಿಶುವಿನ ನರಮಂಡಲ ಪಕ್ವವಾಗಿರುವುದಿಲ್ಲ, ಅದಕ್ಕೆ ನೋವು ತಿಳಿಯದು ಎಂಬ ನಂಬಿಕೆಯಿಂದ 1980ರ ದಶಕದವರೆಗೂ ಪಶ್ಚಿಮದ ದೊಡ್ಡ ಆಸ್ಪತ್ರೆಗಳಲ್ಲೇ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಕೆ.ಜೆ.ಎಸ್. ಆನಂದ್ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನಗಳು, ಅದರಲ್ಲೂ 1987ರ ಲೇಖನಗಳು, ಆ ನಂಬಿಕೆಯ ಬುಡ ಅಲುಗಿಸಿದವು. ಶಿಶುವಿಗೆ ನೋವಾಗುತ್ತದೆ, ಅದರ ದೇಹದ ಒತ್ತಡದ ಹಾರ್ಮೋನುಗಳು ವಿಪರೀತ ಏರುತ್ತವೆ, ಅರಿವಳಿಕೆ ಕೊಟ್ಟರೆ ಶಿಶು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಎಂದು ಅವರು ತೋರಿಸಿಕೊಟ್ಟರು.

ನಂಬಿಕೆ ಬದಲಾದರೂ ಅಭ್ಯಾಸ ಬದಲಾಗುವುದು ತಡ. ಪ್ಯಾರಿಸ್ ಪ್ರದೇಶದ ತೀವ್ರ ನಿಗಾ ಘಟಕಗಳಲ್ಲಿದ್ದ 430 ನವಜಾತ ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದೊಂದು ಶಿಶುವೂ ದಿನಕ್ಕೆ ಸರಾಸರಿ ಹತ್ತರಷ್ಟು ನೋವಿನ ವಿಧಾನಗಳಿಗೆ ಒಳಗಾಗುತ್ತಿತ್ತು. ಅವುಗಳಲ್ಲಿ ಹೆಚ್ಚಿನವುಗಳಿಗೆ ಮೊದಲೇ ನೋವು ತಗ್ಗಿಸುವ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ. ಬೆಳೆಯುತ್ತಿರುವ ಮಿದುಳಿಗೆ ಪದೇ ಪದೇ ಬೀಳುವ ನೋವು, ಮುಂದೆ ಆ ಮಗುವಿನ ನೋವಿನ ಸಂವೇದನೆಯನ್ನೇ ಬದಲಾಯಿಸಬಹುದು ಎಂಬುದಕ್ಕೆ ಪುರಾವೆಗಳು ಸೇರುತ್ತಲೇ ಇವೆ.

ಇದಕ್ಕೆ ಉತ್ತರವೊಂದು ಬಡತನದ ನಡುವೆಯೇ ಹುಟ್ಟಿತು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ, ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸುತ್ತಿದ್ದಾಗ, ವೈದ್ಯ ಎಡ್ಗರ್ ರೇ ಸನಾಬ್ರಿಯಾ ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿಸಿದರು. ಕಾಂಗರೂ ತಾಯಿ ಆರೈಕೆ ಎಂದು ಅದಕ್ಕೆ ಹೆಸರಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ಈ ಆರೈಕೆ ಶುರು ಮಾಡಿದಾಗ, ಮೊದಲ 28 ದಿನಗಳಲ್ಲಿ ಸಾಯುವ ಕಡಿಮೆ ತೂಕದ ಶಿಶುಗಳ ಪ್ರಮಾಣ ಶೇ 25ರಷ್ಟು ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆ, ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ವಿಸ್ತರಿಸುವ ಬಗೆಯನ್ನು ಪರೀಕ್ಷಿಸಿದ ತಾಣಗಳಲ್ಲಿ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಅಲ್ಲಿ ಈ ಕೆಲಸ ಮಾಡಿದ್ದಾರೆ. ಬಿಸಿಲ ನಾಡಿನ ಸಾಮಾನ್ಯ ಆಸ್ಪತ್ರೆಗಳಲ್ಲೂ ಇದನ್ನು ಮಾಡಲು ಹೊರಡಬಹುದಾದರೆ ಬೇರೆಡೆ ಏಕಾಗದು?

ಇನ್ನು ನಮ್ಮೆಲ್ಲರ ಮನೆಯ ಮಾತಿಗೆ ಬರೋಣ. ಲಸಿಕೆ ಹಾಕುವ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಅಂಗನವಾಡಿಯಲ್ಲೋ ಸ್ವಲ್ಪ ಹೊತ್ತು ನಿಂತು ನೋಡಿ. ಆರು ವಾರದ ಕೂಸನ್ನು ಎತ್ತಿಕೊಂಡ ತಾಯಿ ಸರದಿ ಬಂದ ಕೂಡಲೇ ಹಿಂದೆ ಸರಿಯುತ್ತಾಳೆ. "ನಂಗ ನೋಡಾಕ ಆಗಂಗಿಲ್ಲ" ಎನ್ನುತ್ತಾಳೆ. "ನೀ ಹೊರಗ ಹೋಗವ್ವಾ, ನಾ ಹಿಡಕೊಂತೀನಿ" ಎಂದು ಅತ್ತೆಯೋ ಆಶಾ ಕಾರ್ಯಕರ್ತೆಯೋ ಕೂಸನ್ನು ತೆಗೆದುಕೊಳ್ಳುತ್ತಾರೆ. ಮೇಜಿನ ಮೇಲೆ ಅಂಗಾತ ಮಲಗಿಸಿ ಎರಡೂ ಕಾಲು ಅದುಮಿ ಹಿಡಿಯುತ್ತಾರೆ. ತೊಡೆಗೆ ಸೂಜಿ ಇಳಿಯುತ್ತದೆ. ಕೂಸು ಚೀರಿದ ಮೇಲೆ ತಾಯಿ ಓಡಿ ಬಂದು ಎತ್ತಿಕೊಂಡು ಹಾಲು ಕೊಡುತ್ತಾಳೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಎಲ್ಲರೂ ಮಗುವಿನ ಮೇಲಿನ ಮರುಕದಿಂದಲೇ ಹೀಗೆ ಮಾಡುವುದು. ಆದರೆ ಕ್ರಮ ತಲೆಕೆಳಗಾಗಿದೆ. ಎದೆಗವಚಿಕೊಳ್ಳುವುದು, ಹಾಲು ಕೊಡುವುದು ಸೂಜಿಗಿಂತ ಮೊದಲು ಶುರುವಾಗಬೇಕು.

ಲಸಿಕೆಯ ನೋವು ತಗ್ಗಿಸುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಶಿಫಾರಸುಗಳನ್ನು ಕೊಟ್ಟಿದೆ. ಮಗುವನ್ನು ಪೋಷಕರೇ ಹಿಡಿದುಕೊಂಡಿರಬೇಕು. ಎದೆಹಾಲು ಕುಡಿಯುವ ಮಗುವಿಗೆ ಲಸಿಕೆ ಹಾಕುವಾಗಲೇ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಹಾಲೂಡಿಸಬೇಕು. ಒಂದೇ ದಿನ ಹಲವು ಲಸಿಕೆಗಳಿದ್ದರೆ ಕಡಿಮೆ ನೋವಿನದು ಮೊದಲು, ಹೆಚ್ಚು ನೋವಿನದು ಕೊನೆಗೆ. ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತದೆಯೇ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡುವುದು ಬೇಡ, ಅದರಿಂದ ನೋವು ಹೆಚ್ಚುತ್ತದೆ. ಮೂರು ವರ್ಷ ದಾಟಿದ ಮಕ್ಕಳು ಕುಳಿತೇ ಲಸಿಕೆ ಹಾಕಿಸಿಕೊಳ್ಳಲಿ. ಇವು ಯಾವುದಕ್ಕೂ ಖರ್ಚಿಲ್ಲ, ಹೊಸ ಯಂತ್ರ ಬೇಕಿಲ್ಲ.

ನಮ್ಮ ಬಾಣಂತನದಲ್ಲೇ ಈ ತಿಳಿವಳಿಕೆಗೆ ಹೊಂದುವ ರೂಢಿಯೊಂದಿದೆ. ಅಜ್ಜಿ ಮಣೆಯ ಮೇಲೆ ಕುಳಿತು, ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಬೆಚ್ಚಗಿನ ಎಣ್ಣೆ ಹಚ್ಚುವಾಗ ಅವಳ ಅಂಗೈ ಕೂಸಿನ ಬೆನ್ನ ಮೇಲೆ ನಿಧಾನವಾಗಿ ಜಾರುತ್ತದೆ. ಮೃದು ಸ್ಪರ್ಶದ ತಂತುಗಳು ಕೇಳುವುದು ಇದನ್ನೇ. ಆದರೆ ಮೂಗು ನೀವುವುದು, ಕೈಕಾಲು ಹಿಂದಕ್ಕೆಳೆದು ಮಡಿಸುವುದು, ಕೂಸು ಕಿರುಚುವಂತೆ ತಿಕ್ಕುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ. ಕೂಸು ಹಾಯಾಗಿ ಕಣ್ಣು ಬಿಟ್ಟುಕೊಂಡಿದ್ದರೆ ಎಣ್ಣೆ ಹಚ್ಚುವ ಕೈ ಸರಿಯಾಗಿದೆ ಎಂದು ತಿಳಿಯಬಹುದು.

ದೊಡ್ಡವರಿಗೂ ಈ ಮಾತು ಅನ್ವಯಿಸುತ್ತದೆ. 2006ರಲ್ಲಿ ಅಮೆರಿಕದ ಜೇಮ್ಸ್ ಕೋನ್ ಮತ್ತು ಜೊತೆಗಾರರು 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಈಗ ವಿದ್ಯುತ್ ಶಾಕ್ ಕೊಡಬಹುದು ಎಂಬ ಎಚ್ಚರಿಕೆಗೆ ಅವರ ಮಿದುಳು ಹೇಗೆ ಸ್ಪಂದಿಸುತ್ತದೆ ಎಂದು ನೋಡಿದರು. ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಆತಂಕ ಹೆಚ್ಚು ತಗ್ಗಿತ್ತು. ಅಪರಿಚಿತರ ಕೈ ಹಿಡಿದಿದ್ದಾಗ ಅಷ್ಟಾಗಿ ತಗ್ಗಲಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚು. ಹೆರಿಗೆ ಕೋಣೆಯಲ್ಲಿ ನೋವು ತಿನ್ನುವ ಹೆಣ್ಣಿಗೆ ತನ್ನವರೊಬ್ಬರ ಕೈ ಎಷ್ಟು ಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗೊಬ್ಬರು ಇರಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅವಕಾಶ ಕೊಟ್ಟಿದೆ. ಆದರೂ ಎಷ್ಟೋ ಕಡೆ ಗರ್ಭಿಣಿ ಒಬ್ಬಂಟಿಯಾಗಿ ಒಳಗೆ ಹೋಗುತ್ತಾಳೆ, ಅವಳ ತಾಯಿ ಬಾಗಿಲಾಚೆ ಬೆಂಚಿನ ಮೇಲೆ ಕುಳಿತಿರುತ್ತಾಳೆ.

ಚರ್ಮದ ನೋವನ್ನು ತಗ್ಗಿಸುವ ಶಕ್ತಿಯನ್ನು ದೇಹ ತನ್ನೊಳಗೇ ಇಟ್ಟುಕೊಂಡಿದೆ. ಅದು ಔಷಧಕ್ಕೆ ಬದಲಿಯಲ್ಲ. ದೊಡ್ಡ ನೋವಿಗೆ ಅರಿವಳಿಕೆ, ನೋವು ನಿವಾರಕಗಳನ್ನು ಕೊಡಲೇಬೇಕು, ಕೇಳುವ ಹಕ್ಕೂ ರೋಗಿಗಿದೆ. ಆದರೆ ನಿತ್ಯದ ಸಣ್ಣ ಸಣ್ಣ ಚುಚ್ಚುವಿಕೆಗಳಲ್ಲಿ ಆ ಶಕ್ತಿಗೆ ಅಡ್ಡ ಬರುತ್ತಿರುವುದು ನಮ್ಮದೇ ಅವಸರ, ನಮ್ಮದೇ ನಿಯಮಗಳು. ಆಸ್ಪತ್ರೆಗಳನ್ನು ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ: ಲಸಿಕೆ ಕೋಣೆಯಲ್ಲಿ ತಾಯಿ ಕುಳಿತು ಹಾಲೂಡಿಸಲು ಒಂದು ಕುರ್ಚಿ, ಒಂದು ಪರದೆ ಇರಲಿ. ಹೆರಿಗೆ ಕೋಣೆಯ ಬಾಗಿಲು ಜೊತೆಗಾರ್ತಿಗೆ ತೆರೆದಿರಲಿ. ತಾಯಂದಿರಿಗೆ, ಅಪ್ಪಂದಿರಿಗೆ ಒಂದು ಮಾತು: ಮುಂದಿನ ಲಸಿಕೆಯ ದಿನ ಹಿಂದೆ ಸರಿಯಬೇಡಿ. ಮಗುವನ್ನು ಮೊದಲೇ ಎದೆಗವಚಿಕೊಳ್ಳಿ, ಹಾಲು ಕುಡಿಯುತ್ತಿರಲಿ, ಆಮೇಲೆ ಸೂಜಿ ಹಾಕಿ ಎಂದು ನರ್ಸ್ ಅವರನ್ನು ಕೇಳಿಕೊಳ್ಳಿ. ಕೇಳಲು ಸಂಕೋಚ ಬೇಡ.